ಗೋಡೆಗೊಂದು ಮೊಳೆ

"ಬಾಡಿಗೆ ಮನೆಗೆ ಇಷ್ಟೊಂದು ಸಿಂಗಾರವೇಕೆ?" ಎಂದು ಕೇಳುವ ಹಿರಿಯರು ನಮ್ಮ ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ, ಅಪಾರ್ಟ್‌ಮೆಂಟುಗಳಲ್ಲಾದರೆ ಮಹಡಿಗೊಬ್ಬರು. ಪ್ರಶ್ನೆ ಕೇಳಿ ಸುಮ್ಮನಾಗುವ ಜಾಯಮಾನ ಇವರದಲ್ಲ. ಹೊಸದಾಗಿ ಮದುವೆಯಾದವರ ಮನೆಗೆ ಕಾಫಿಗೆಂದು ಹೋಗುತ್ತಾರೆ. ಬಾಲ್ಕನಿಯಲ್ಲಿ ಹಾಸಿದ ಪ್ಲಾಸ್ಟಿಕ್ ಹುಲ್ಲನ್ನು ಕಾಲಿನಿಂದ ಒತ್ತಿ ನೋಡುತ್ತಾರೆ. ಪರದೆಯ ಸರಳಿನಿಂದ ಇಳಿಬಿಟ್ಟ ಪುಟ್ಟ ದೀಪಗಳ ಸರವನ್ನು ಕಂಡು "ಏನಪ್ಪಾ, ನಿಮಗೆ ವರ್ಷವೆಲ್ಲ ದೀಪಾವಳಿಯೋ?" ಎಂದು ನಗುತ್ತಾರೆ. ಕಾಫಿ ಕುಡಿದು ತಮ್ಮ ಮನೆಗೆ ಹಿಂತಿರುಗಿದ ಮೇಲೆ, "ಈಗಿನ ಹುಡುಗರಿಗೆ ದುಡ್ಡಿದೆ, ಅಭಿರುಚಿ ಇಲ್ಲ" ಎಂದು ತೀರ್ಪು ಕೊಡುತ್ತಾರೆ.

ನಾನೂ ಆ ವಯಸ್ಸಿನವನೇ, ಅರವತ್ತೆಂಟು ದಾಟಿದೆ. ಇರುವ ಫ್ಲ್ಯಾಟು ಸ್ವಂತದ್ದು. ಅದು ಸಾಲದೆಂದು ಮೈಸೂರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಎಂದರೆ ನಿಸ್ಸಂದೇಹವಾಗಿ ಮಾಲೀಕರ ಪಂಗಡಕ್ಕೆ ಸೇರಿದವನು. ಆದರೂ ಈ ತೀರ್ಪಿನ ಮೇಲೆ ಅಪೀಲು ಹೋಗಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿದೆ. ಹುಡುಗರ ಅಭಿರುಚಿ ಕೆಟ್ಟಿದೆಯೋ ನೆಟ್ಟಗಿದೆಯೋ ಎಂಬುದು ಆಮೇಲಿನ ಮಾತು. ಅವರ ಮನೆಯ ಗೋಡೆ ಬೋಳಾಗಿರುವುದಕ್ಕೂ, ಅಲ್ಲಲ್ಲಿ ಅಗ್ಗದ ಥಳಕು ಕಾಣುವುದಕ್ಕೂ ಕಾರಣ ಅವರ ಮನಸ್ಸಿನಲ್ಲಿಲ್ಲ. ನಾವು ಟೈಪು ಮಾಡಿಸಿ ಅವರಿಂದ ರುಜು ಹಾಕಿಸಿಕೊಂಡ ಕರಾರು ಪತ್ರದಲ್ಲಿದೆ. ಇದು ನನ್ನ ವಾದ.

ಬೆಂಗಳೂರಿನ ಬಾಡಿಗೆ ಕರಾರುಗಳನ್ನು ನಾಲ್ಕಾರು ಓದಿ ನೋಡಿ. ಬರೆಸುವವರು ಸಾವಿರಾರು ಮಂದಿಯಾದರೂ ಬರೆದವನು ಒಬ್ಬನೇ ಇರಬೇಕು ಎಂಬಷ್ಟು ಅವು ಒಂದೇ ತೆರನಾಗಿರುತ್ತವೆ. ಅವಧಿ ಹನ್ನೊಂದು ತಿಂಗಳು. ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರು ಮಾಡಿಸಲೇಬೇಕಾದ್ದರಿಂದ, ಒಂದು ತಿಂಗಳು ಕಡಿಮೆ ಬರೆದು ಆ ಖರ್ಚನ್ನೂ ತಾಪತ್ರಯವನ್ನೂ ಉಳಿಸಿಕೊಳ್ಳುವ ಹಳೆಯ ಉಪಾಯ ಅದು. ಮುಂಗಡ ಹತ್ತು ತಿಂಗಳ ಬಾಡಿಗೆ. ಇತ್ತೀಚೆಗೆ ಕೆಲವು ಧರ್ಮಾತ್ಮರು ಐದಾರಕ್ಕೆ ಇಳಿದಿದ್ದಾರೆ. ಅಷ್ಟಾದ ಮೇಲೆ ಬರುವ ಷರತ್ತುಗಳ ನಡುವೆ ಈ ಎರಡು ತಪ್ಪದೆ ಇರುತ್ತವೆ. ಒಂದು: ಬಾಡಿಗೆದಾರರು ಗೋಡೆಗಳಿಗೆ ಮೊಳೆ ಹೊಡೆಯತಕ್ಕದ್ದಲ್ಲ. ಇನ್ನೊಂದು: ಮನೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಖರ್ಚಿಗಾಗಿ ಮಾಲೀಕರು ಮುಂಗಡದಿಂದ ಹಿಡಿದುಕೊಳ್ಳತಕ್ಕದ್ದು.

ದಯವಿಟ್ಟು ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ. ಹೇಗಿದ್ದರೂ ಬಣ್ಣದ ದುಡ್ಡು ಬಾಡಿಗೆದಾರನದೇ ಎಂದಮೇಲೆ, ಅವನು ಒಂದು ಮೊಳೆ ಹೊಡೆದರೆ ಮಾಲೀಕನಿಗಾಗುವ ನಷ್ಟವೇನು? ಬಣ್ಣ ಬಳಿಯುವವನು ಗೋಡೆಗೆ ಕೈ ಹಚ್ಚುವ ಮೊದಲು ತೂತುಗಳಿಗೆ ಪುಟ್ಟಿ ಮೆತ್ತಿಯೇ ಮೆತ್ತುತ್ತಾನೆ. ಇಲ್ಲ, ಒಂದು ಮೊಳೆಯೂ ಬೀಳದೆ ಗೋಡೆ ಕೊಟ್ಟ ಹಾಗೆಯೇ ವಾಪಸು ಬಂತು ಎಂದಮೇಲೆ, ಬಣ್ಣದ ದುಡ್ಡು ಯಾವ ಲೆಕ್ಕಕ್ಕೆ? ಒಂದೋ ಅದು, ಇಲ್ಲವೇ ಇದು. ಎರಡನ್ನೂ ಬರೆಸಿಕೊಳ್ಳುವುದು, ಹೋಟೆಲಿನವನು ದೋಸೆಗೆ ಬಿಲ್ಲು ಬರೆದು ತಟ್ಟೆ ಮುಟ್ಟಬೇಡಿ ಎಂದ ಹಾಗೆ.

ಇದು ಬರಿಯ ತರ್ಕದ ಮಾತಲ್ಲ. ನಮ್ಮ ಎದುರು ಮನೆಗೆ ಕಳೆದ ವರ್ಷ ಬಂದ ದಂಪತಿಗಳ ಲೆಕ್ಕವನ್ನೇ ಒಪ್ಪಿಸುತ್ತೇನೆ. ಹುಡುಗ ಹಾಸನದ ಕಡೆಯವನು, ಹುಡುಗಿ ಧಾರವಾಡದವಳು. ಇಬ್ಬರೂ ಕಂಪ್ಯೂಟರು ಕಂಪನಿಗಳಲ್ಲಿ ಕೆಲಸಕ್ಕಿದ್ದಾರೆ. ಇಲ್ಲಿಗೆ ಬರುವ ಮೊದಲು ಇದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಎರಡು ಕರಾರು, ಎಂದರೆ 22 ತಿಂಗಳು, ಸಂಸಾರ ಮಾಡಿದರು. ಬಾಡಿಗೆ 32,000 ರೂಪಾಯಿ, ಮುಂಗಡ 3,20,000. ಷರತ್ತಿಗೆ ಹೆದರಿ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಖಾಲಿ ಮಾಡುವ ದಿನ ಮಾಲೀಕರು ಕೋಣೆಯಿಂದ ಕೋಣೆಗೆ ನಡೆದು, ಗೋಡೆ ನೋಡಿ, "ಪರವಾಗಿಲ್ಲ, ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದು ಬೆನ್ನು ತಟ್ಟಿ, 32,000 ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಮೂರನೆಯ ದಿನ ಆ ಮನೆಯಲ್ಲಿ ಬೇರೆ ಸಂಸಾರ ಹಾಲುಕ್ಕಿಸಿತು. ಮೂರು ದಿನದಲ್ಲಿ ಮನೆಗೆ ಬಣ್ಣ ಹೊಡೆದು ಒಣಗಿಸುವ ಪವಾಡ ಇನ್ನೂ ನಮ್ಮ ಪೇಂಟರುಗಳಿಗೆ ಸಿದ್ಧಿಸಿಲ್ಲ.

ಮುಂಗಡಕ್ಕೆ ಬಡ್ಡಿಯಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿ. ವರ್ಷಕ್ಕೆ ನೂರಕ್ಕೆ 6 ಎಂದೇ ಹಿಡಿಯೋಣ: 3,20,000ಕ್ಕೆ ತಿಂಗಳಿಗೆ 1,600, 22 ತಿಂಗಳಿಗೆ 35,200. ಬಣ್ಣದ ಹೆಸರಿನ 32,000 ಕೂಡಿಸಿದರೆ 67,200. ಬಾಡಿಗೆಯಲ್ಲದೆ ಇಷ್ಟು ಹಣವನ್ನು ತೆತ್ತು ಆ ಇಬ್ಬರು ಪಡೆದುಕೊಂಡ ಭಾಗ್ಯವೆಂದರೆ ಎರಡು ವರ್ಷ ಕಾಲ ಬೋಳು ಗೋಡೆಯನ್ನು ನೋಡುತ್ತ ಕುಳಿತದ್ದು.

ಅವರ ದಿನಚರಿಯನ್ನೂ ನಾನು ಎದುರು ಬಾಗಿಲಿನಿಂದ ಬಲ್ಲೆ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಾರೆ. ಉಳಿದೆರಡು ದಿನ ಮನೆಯೇ ಆಫೀಸು. ಒಬ್ಬರು ಊಟದ ಮೇಜಿನ ಮುಂದೆ, ಇನ್ನೊಬ್ಬರು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು. ಅಡಿಗೆ ಒಬ್ಬರದು, ಪಾತ್ರೆ ಇನ್ನೊಬ್ಬರದು. ಬಟ್ಟೆ ಒಣಹಾಕುವುದು ಯಾರದೆಂಬುದು ಪ್ರತಿ ಶನಿವಾರದ ಚರ್ಚೆ. 2020ರ ಕೊರೋನಾ ಕಾಲದಿಂದೀಚೆಗೆ ಗೋಡೆಗೆ ಒಂದು ಹೊಸ ಉದ್ಯೋಗ ಬಂದಿದೆ, ಅದನ್ನು ನಮ್ಮ ಹಿರಿಯರು ಗಮನಿಸಿದಂತಿಲ್ಲ. ಕುರ್ಚಿಯ ಹಿಂದಿನ ಗೋಡೆ ಈಗ ಇವರ ಮುಖದ ಜೊತೆಗೆ ಪೂನಾಕ್ಕೂ ಸಿಂಗಪುರಕ್ಕೂ ಹೋಗುತ್ತದೆ. ಮೇಲಧಿಕಾರಿ ಅದನ್ನು ನೋಡುತ್ತಾನೆ, ಗಿರಾಕಿ ನೋಡುತ್ತಾನೆ. ಹಿಂದೆ ಆಫೀಸಿಗೆ ಹೋಗುವಾಗ ಷರಟಿಗೆ ಇಸ್ತ್ರಿ ಮಾಡುತ್ತಿದ್ದೆವಲ್ಲ, ಅಂಥದೇ ಅವಶ್ಯಕತೆ ಇದು. ಈ ಹುಡುಗಿ ಏನು ಮಾಡಬೇಕು? ಪರದೆಯ ಸರಳಿಗೆ ಬಟ್ಟೆಯ ಕ್ಲಿಪ್ಪು ಹಾಕಿ ಒಂದು ಇಳಕಲ್ ಸೀರೆಯನ್ನು ಇಳಿಬಿಟ್ಟಿದ್ದಾಳೆ. ಅದನ್ನು ಕಂಡೇ ನಮ್ಮ ಮೂರನೆಯ ಮಹಡಿಯ ಮಹನೀಯರು "ಸೀರೆ ಒಣಹಾಕಲು ಜಾಗವಿಲ್ಲವೇ, ಮಗು?" ಎಂದು ಕೇಳಿ ಬಂದದ್ದು.

ಮೊಳೆಯೊಂದನ್ನು ನಿಷೇಧಿಸಿದ ಮನೆಯಲ್ಲಿ ಯಾವ ಅಲಂಕಾರ ಸಾಧ್ಯ, ಯೋಚಿಸಿ ನೋಡಿ. ಒರಗಿಸಿಡಬಹುದು, ಅಂಟಿಸಬಹುದು, ಹಾಸಬಹುದು, ಸಿಕ್ಕಿಸಬಹುದು. ಆದ್ದರಿಂದಲೇ ಆಳೆತ್ತರದ ಕನ್ನಡಿ ನೆಲದ ಮೇಲೆ ಗೋಡೆಗೆ ಒರಗಿ ನಿಂತಿದೆ. ಆದ್ದರಿಂದಲೇ ಚಿತ್ರದ ಬದಲು ಎಲೆಬಳ್ಳಿಯ ಸ್ಟಿಕ್ಕರು. ಆದ್ದರಿಂದಲೇ ಪ್ಲಾಸ್ಟಿಕ್ ಹುಲ್ಲು. ಆದ್ದರಿಂದಲೇ ಆ ದೀಪದ ಸರ. ಗಟ್ಟಿ ವಸ್ತು ಕೊಂಡರೆ ಅದನ್ನು ನೇತುಹಾಕಲು ಜಾಗವಿಲ್ಲ. ಹನ್ನೊಂದು ತಿಂಗಳಾದ ಮೇಲೆ ಸಾಗಿಸುವಾಗ ಮುರಿಯುವ ಭಯ ಬೇರೆ. ಗುರುತುಳಿಯದಂತೆ ಇರು ಎಂದು ಅಪ್ಪಣೆ ಮಾಡಿದವರು ನಾವು; ಗುರುತುಳಿಯದ ಸಾಮಾನನ್ನೇ ಅವರು ಕೊಂಡರೆ ಅಭಿರುಚಿಯಿಲ್ಲ ಎನ್ನುವವರೂ ನಾವು.

ಆ ಹುಡುಗಿಯ ಹತ್ತಿರ ಒಂದು ಕೌದಿ ಇದೆ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಸೇರಿಸಿ, ಅಂಗುಲ ಅಂಗುಲಕ್ಕೂ ಕೈಹೊಲಿಗೆ ಹಾಕಿ, ಆಕೆಯ ಅಜ್ಜಿ ಹೊಲಿದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಹೊಸದೇನಲ್ಲ. ಬಾಣಂತಿಗೆ, ತೊಟ್ಟಿಲಿಗೆ, ಮಾಗಿಯ ಚಳಿಗೆ ಒಂದೊಂದು ಕೌದಿ. ಆದರೆ ಈ ಕೌದಿಯಲ್ಲಿ ಆಕೆಯ ಅಮ್ಮನ ಮದುವೆಯ ಸೀರೆಯ ಸೆರಗಿದೆ, ಮೂರು ತಲೆಮಾರಿನ ಬಟ್ಟೆಯಿದೆ. ಒಂದು ದಿನ ನಮ್ಮ ಮನೆಗೆ ತಂದು ಬಿಚ್ಚಿ ತೋರಿಸಿದಾಗ ನನ್ನ ಹೆಂಡತಿ ಅರ್ಧ ಗಂಟೆ ಅದರ ಮೇಲೆ ಕೈಯಾಡಿಸಿದಳು. "ಇದನ್ನು ಪೆಟ್ಟಿಗೆಯಲ್ಲಿ ಯಾಕಮ್ಮ ಇಟ್ಟಿದ್ದೀಯ? ಹಾಲ್‌ನಲ್ಲಿ ಹಾಕು" ಎಂದಳು. ಹುಡುಗಿ ಹೇಳಿದ್ದು: "ನನಗೂ ಆಸೆ ಐತ್ರಿ ಆಂಟಿ. ಎರಡ ಮೊಳಿ, ಒಂದ ಸರಳ ಸಾಕು. ಆದ್ರ ಕರಾರಿನ್ಯಾಗ ಮೊಳಿ ಹೊಡೀಬಾರದು ಅಂತ ಬರದಾರ್ರಿ. ಎರಡ ಮೊಳಿಗೆ ಎಷ್ಟ ಕಳೀತಾರೋ ಯಾರಿಗೆ ಗೊತ್ತು?" ಪಕ್ಕದಲ್ಲಿದ್ದ ಹುಡುಗ, "ಬಿಡಿ ಆಂಟಿ, ಹನ್ನೊಂದು ತಿಂಗಳಿಗೆ ಯಾಕೆ" ಎಂದ.

ಹುಡುಗಿಯ ಭಯ ನನಗೆ ಅಷ್ಟಾಗಿ ತಾಕಲಿಲ್ಲ. ಆ ಹುಡುಗನ "ಬಿಡಿ" ಎಂಬುದು ತಾಕಿತು. ಮೂವತ್ತು ತುಂಬದ ಪ್ರಾಯದಲ್ಲಿ, ಮದುವೆಯಾದ ಮೊದಲ ವರ್ಷಗಳಲ್ಲಿ, ತಾನು ವಾಸಿಸುವ ಮನೆಯ ಬಗ್ಗೆ ಒಬ್ಬ ಮನುಷ್ಯ ಬಸ್ ಸ್ಟ್ಯಾಂಡಿನ ಬಗ್ಗೆ ಆಡುವ ಮಾತನ್ನು ಆಡುತ್ತಿದ್ದಾನೆ.

ಯುಗಾದಿಯ ದಿನದ ಸಂಗತಿ ಇನ್ನೂ ಚೆನ್ನಾಗಿದೆ. ಮಾವಿನ ತೋರಣ ಕಟ್ಟಬೇಕು. ಬಾಗಿಲಿನ ಚೌಕಟ್ಟಿಗೆ ಮೊಳೆ ಇಲ್ಲ. ಸೆಲ್ಲೋಟೇಪು ಹಚ್ಚಿದರು. ಹಸಿ ಎಲೆಯ ಭಾರಕ್ಕೆ ಹೋಳಿಗೆ ಬಡಿಸುವ ಹೊತ್ತಿಗೆ ತೋರಣ ಹೊಸ್ತಿಲ ಮೇಲಿತ್ತು. ಎರಡು ಮೊಳೆಯಷ್ಟು ಮಾತ್ರದ ವಿಷಯ. ಆದರೆ ವರ್ಷದ ಮೊದಲ ದಿನ ಬಾಗಿಲಿಗೆ ಹಸಿರು ಕಟ್ಟುವುದಕ್ಕೂ ಅಪ್ಪಣೆ ಬೇಕೆಂದಾದರೆ, ಆ ಮನೆಗೆ ತಿಂಗಳಿಗೆ ಇಷ್ಟು ಸಾವಿರ ತೆರುವುದು ಯಾವುದಕ್ಕಾಗಿ ಎಂದು ಕೇಳಬೇಕಾಗುತ್ತದೆ. ಪಂಚಾಂಗಕ್ಕೂ ಮೊಳೆ ಬೇಕು, ಗೋಡೆ ಗಡಿಯಾರಕ್ಕೂ ಬೇಕು. ಇವರ ಗಡಿಯಾರ ಫ್ರಿಜ್ಜಿನ ಮೇಲೆ ಮಲಗಿದೆ.

ಈ ನಿಷೇಧದಿಂದ ಗೋಡೆಯಾದರೂ ಉಳಿಯುತ್ತದೆಯೇ? ಅದೂ ಇಲ್ಲ. ಮೊಳೆಯ ಬದಲಿಗೆ ಇವರು ಕೊಳ್ಳುವುದು ಬೆನ್ನಿಗೆ ಅಂಟು ಹಚ್ಚಿದ ಪ್ಲಾಸ್ಟಿಕ್ ಕೊಕ್ಕೆ. ಪುಟ್ಟಿಯ ಮೇಲೆ ಬಳಿದ ಎಮಲ್ಷನ್ ಬಣ್ಣ ಎಂದರೆ ಒಂದು ತೆಳು ಪೊರೆ. ಮಳೆಗಾಲದಲ್ಲಿ ಸ್ವಲ್ಪ ತೇವ ಹಿಡಿದ ಗೋಡೆಯಲ್ಲಿ ಆ ಕೊಕ್ಕೆಯನ್ನು ಕಿತ್ತರೆ, ಅಂಗೈಯಗಲ ಪೊರೆ ಪುಟ್ಟಿಯ ಸಮೇತ ಎದ್ದು ಬರುತ್ತದೆ. ಡ್ರಿಲ್ಲಿನಿಂದ ಕೊರೆದು ರಾಲ್‌ಪ್ಲಗ್ ಕೂರಿಸಿದರೆ ಆಗುವ ತೂತಿನ ಅಗಲ 6 ಮಿಲಿಮೀಟರು. ಮೊಳೆ ಹೊಡೆಯುವುದೆಂದರೆ ಸುತ್ತಿಗೆಯಿಂದ ಗೋಡೆ ಬಿರಿಯುವಂತೆ ಬಡಿಯುವುದು ಎಂಬ ಕಲ್ಪನೆ ಹಳೆಯದು. ಈಚಿನ ದೊಡ್ಡ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟು ಸುರಿದು ಗೋಡೆಯನ್ನೇ ಎರಕ ಹೊಯ್ಯುತ್ತಾರೆ. ಅಂಥ ಗೋಡೆಗೆ ಸುತ್ತಿಗೆಯ ಮೊಳೆ ಇಳಿಯುವುದೇ ಇಲ್ಲ, ಬಗ್ಗಿ ಹಾರಿ ಹೋಗುತ್ತದೆ. ಕೊರೆಯಲೇಬೇಕು. ಕೊರೆದ ತೂತನ್ನು ಮುಚ್ಚಲು ಬೇಕಾದ ಪುಟ್ಟಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಮಿಕ್ಕದ್ದು ಮುಂದಿನ ಹತ್ತು ತೂತಿಗಾಗುತ್ತದೆ.

"ನಾವೂ ಬಾಡಿಗೆ ಮನೆಗಳಲ್ಲಿ ಬಾಳಿದವರೇ, ನಮಗೆ ಇದೆಲ್ಲ ಬೇಕಾಗಿರಲಿಲ್ಲ" ಎಂಬ ಮಾತು ಈಗ ಬರುತ್ತದೆ. ಬರಲಿ. ನಾನು ಹುಟ್ಟಿ ಬೆಳೆದದ್ದು ವಠಾರದಲ್ಲಿ; ನಮ್ಮ ತಂದೆಯವರು ಮನೆ ಕಟ್ಟಿಸಿದ್ದು ನಾನು ಕಾಲೇಜು ಸೇರಿದ ಮೇಲೆ. ಆ ವಠಾರದ ಗೋಡೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಣ್ಣಿನ ದಪ್ಪ ಗೋಡೆ. ಅದರಲ್ಲೇ ದೀಪಕ್ಕೊಂದು ಗೂಡು, ದೇವರಿಗೊಂದು ಗೂಡು. ಅಂಗಿ ಕೊಡೆ ನೇತುಹಾಕಲು ಮರದ ಗೂಟ. ಮನೆ ಕಟ್ಟಿದವನೇ ಅದನ್ನೆಲ್ಲ ಇಟ್ಟು ಕಟ್ಟಿದ್ದ. ಅದರ ಮೇಲೆ ನಾವು ಹೊಡೆದ ಮೊಳೆಗಳಿಗೆ ಲೆಕ್ಕವಿತ್ತೇ? ಸೂರಿನ ಕೆಳಗೆ ಸಾಲಾಗಿ, ನೋಡುವವರ ಕಡೆಗೆ ಬಾಗಿದ ಪಟಗಳು: ಲಕ್ಷ್ಮಿ, ಸರಸ್ವತಿ, ತಾತ, ಮದುವೆಯ ಗ್ರೂಪ್ ಫೋಟೋ, ಮಣಿ ಪೋಣಿಸಿ ಮಾಡಿದ ಗಿಳಿ. ಮೂಲೆಯಲ್ಲಿ ಚನ್ನಪಟ್ಟಣದ ಗೊಂಬೆಗಳ ಷೋಕೇಸು. ರೇಡಿಯೋಗೆ ಕ್ರೋಷಾ ಹೊದಿಕೆ. ಮುಂದೆ ಟೆಲಿವಿಷನ್ ಬಂದಮೇಲೆ ಅದಕ್ಕೂ ಕಸೂತಿಯ ಮುಸುಕು. ಸಿಂಗಾರವಲ್ಲದೆ ಇವೇನು? ಮಧ್ಯಮ ವರ್ಗದ ಗೋಡೆಗೆ ದೇವರ ಪಟ ಹತ್ತಿದ್ದೇ ಆ ಕಾಲಕ್ಕೆ ಹೊಸ ಷೋಕಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ಬಣ್ಣದ ಪಟಗಳನ್ನು ಹೊರಡಿಸಿದ ಮೇಲಲ್ಲವೇ, ಅರಮನೆಯ ಚಿತ್ರ ಗುಮಾಸ್ತೆಯ ಮನೆಗೆ ಬಂದದ್ದು? ಆ ಗುಮಾಸ್ತೆಗಳಲ್ಲಿ ಬಾಡಿಗೆ ಮನೆಯವರು ಎಷ್ಟೋ ಮಂದಿ.

ವಠಾರದ ಮಾಲೀಕರು ದೇವತೆಗಳಾಗಿದ್ದರೆಂದು ನಾನು ಹೇಳುತ್ತಿಲ್ಲ. ನಲ್ಲಿಯ ನೀರಿಗೆ, ರಾತ್ರಿ ಹತ್ತರ ಮೇಲಿನ ದೀಪಕ್ಕೆ ಅವರು ಕೊಟ್ಟ ಕಾಟವನ್ನು ಬರೆದರೆ ಬೇರೆ ಲೇಖನವಾದೀತು. ಆದರೆ ಗೋಡೆಯ ಮೊಳೆಗೆ ಅವರು ತಕರಾರು ತೆಗೆದದ್ದು ನನಗೆ ನೆನಪಿಲ್ಲ. ತೂತು ಬಿದ್ದರೆ ಹಬ್ಬಕ್ಕೆ ಸುಣ್ಣ ಹೊಡೆಯುವವನು ಸುಣ್ಣದ ಗಸಿಯನ್ನೇ ಬೆರಳಿನಿಂದ ಒತ್ತಿ ಮುಂದೆ ಹೋಗುತ್ತಿದ್ದ.

ಇನ್ನು ನನ್ನ ಪಂಗಡದವರ ವಾದ. "ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿಸಿದ ಮನೆ, ಸಾಲದ ಕಂತು ಇನ್ನೂ ಮುಗಿದಿಲ್ಲ, ಹುಡುಗರು ಬಂದು ಜರಡಿ ಮಾಡಿ ಹೋದರೆ?" ಸಾಲದ ಕಂತು ನಿಜ, ಜರಡಿ ಮಾಡುವವರು ಇದ್ದಾರೆ ಎಂಬುದೂ ನಿಜ. ಟೈಲ್ಸು ಒಡೆದು, ಮಕ್ಕಳ ಕೈಗೆ ಕ್ರೇಯಾನು ಕೊಟ್ಟು, ಒಂದು ಮಾತೂ ಹೇಳದೆ ಬೀಗದ ಕೈ ಕೊಟ್ಟು ಹೋಗುವ ಬಾಡಿಗೆದಾರರನ್ನು ನಾನು ಕಂಡಿದ್ದೇನೆ. ಅಂಥವರಿಂದ ಆದ ನಷ್ಟವನ್ನು ಪೈಸೆ ಬಿಡದೆ ವಸೂಲು ಮಾಡಿ. ರಸೀತಿ ತೋರಿಸಿ, ಹಿಡಿದುಕೊಳ್ಳಿ. ಯಾರು ಬೇಡ ಎಂದವರು? ನನ್ನ ತಕರಾರು ಮಾಡದ ತಪ್ಪಿಗೆ ಮೊದಲೇ ಜುಲ್ಮಾನೆ ಬರೆದಿಡುವುದರ ಮೇಲೆ.

ಬಣ್ಣ ಮಾಸುವುದು ಮನೆಯ ಧರ್ಮ. ಜನ ಇದ್ದರೂ ಮಾಸುತ್ತದೆ, ಬೀಗ ಹಾಕಿಟ್ಟರೂ ಮಾಸುತ್ತದೆ. ಇದನ್ನು ಕಾನೂನು ಬಲ್ಲದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕೆಂದು ಬಾಡಿಗೆದಾರನಿಗೆ ಹೇಳುವಾಗಲೇ, ನ್ಯಾಯವಾದ ಬಳಕೆಯಿಂದ ಆಗುವ ಸವೆತವನ್ನು ಬಿಟ್ಟು ಎಂದು ಸೇರಿಸುತ್ತದೆ. ಬ್ರಿಟಿಷರ ಕಾಲದ ಈ ಔದಾರ್ಯವನ್ನು ತಪ್ಪಿಸಲಿಕ್ಕೇ ಕರಾರಿನಲ್ಲಿ ನಾವು ಬಣ್ಣದ ಷರತ್ತು ತೂರಿಸುವುದು. ಏಕೆಂದರೆ ಆ ಕಲಮು ಅನ್ವಯವಾಗುವುದು ಕರಾರಿನಲ್ಲಿ ಬೇರೆ ಮಾತು ಬರೆಯದಿದ್ದರೆ ಮಾತ್ರ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಕೊಂಡ ಮಾದರಿ ಬಾಡಿಗೆ ಕಾಯಿದೆ ಇನ್ನೂ ಮುಂದೆ ಹೋಗುತ್ತದೆ: ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಕೂಡದು, ರಿಪೇರಿಗಳ ಪಟ್ಟಿಯಲ್ಲಿ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕನ ಪಾಲಿಗೆ, ನಲ್ಲಿಯ ವಾಷರು, ಸ್ವಿಚ್ಚು, ಬೀಗ ಬಾಡಿಗೆದಾರನ ಪಾಲಿಗೆ. ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಶಾಸನ ಮಾಡಿಕೊಂಡರೆ ಅದಕ್ಕೆ ಜೀವ. ಆದರೂ ಸುಣ್ಣ ಯಾರದು ಎಂಬ ಪ್ರಶ್ನೆಗೆ ಬಲ್ಲವರ ಉತ್ತರ ಏನೆಂಬುದು ಅದರಿಂದ ತಿಳಿಯುತ್ತದೆ.

ಇಷ್ಟಕ್ಕೂ ಒಪ್ಪದವರಿಗೆ ತೆರಿಗೆಯ ಲೆಕ್ಕ ನೆನಪು ಮಾಡಿಕೊಡುತ್ತೇನೆ. ಇದನ್ನು ನಾವು ಮಾಲೀಕರು ಬಾಡಿಗೆದಾರರ ಮುಂದೆ ಆಡುವುದಿಲ್ಲ. ಬಾಡಿಗೆಯ ವರಮಾನದಲ್ಲಿ, ಕಾರ್ಪೊರೇಷನ್ನಿಗೆ ಕಟ್ಟಿದ ಕಂದಾಯ ಕಳೆದು ಉಳಿದುದರ ನೂರಕ್ಕೆ 30 ಭಾಗಕ್ಕೆ ಆದಾಯ ತೆರಿಗೆಯೇ ಇಲ್ಲ. ರಿಪೇರಿ ಮುಂತಾದ ಖರ್ಚುಗಳ ಬಾಬ್ತು ಈ ವಿನಾಯಿತಿ; ಖರ್ಚು ಮಾಡಿದೆವೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ತಿಂಗಳಿಗೆ 32,000 ಬಾಡಿಗೆ ಬರುವ ಮನೆಗೆ, ಕಂದಾಯ ಬಿಟ್ಟು ಹೇಳುವುದಾದರೆ, ವರ್ಷಕ್ಕೆ 1,15,200 ರೂಪಾಯಿ ತೆರಿಗೆಯ ಲೆಕ್ಕದಿಂದ ಹೊರಗೆ. ಬಣ್ಣದ ಹೆಸರಿನಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿತು. ಅದೇ ಬಣ್ಣದ ಹೆಸರಿನಲ್ಲಿ ಹುಡುಗರು ದುಡ್ಡು ಕೊಟ್ಟರು. ಗೋಡೆ ಮಾತ್ರ ಹಾಗೆಯೇ ಇದೆ.

ಜಪಾನಿನಲ್ಲೂ ಬಾಡಿಗೆದಾರರಿಂದ ಮುಂಗಡ ಪಡೆಯುವ, ಬಿಡುವಾಗ ಕಳೆಯುವ ಪದ್ಧತಿ ಇದೆ. ಜಗಳವೂ ಇದ್ದೇ ಇತ್ತು. ಅಲ್ಲಿಯ ಸರ್ಕಾರ 1998ರಲ್ಲಿ ಇದಕ್ಕೆಂದೇ ಒಂದು ಮಾರ್ಗಸೂಚಿ ಹೊರಡಿಸಿತು. ಕ್ಯಾಲೆಂಡರು, ಚಿತ್ರ ತೂಗುಹಾಕಲು ಚುಚ್ಚಿದ ಪಿನ್ನಿನ ತೂತು ಸಾಮಾನ್ಯ ಬಳಕೆ, ಅದರ ಖರ್ಚು ಮಾಲೀಕನದು; ಒಳಗಿನ ಹಲಗೆಯನ್ನೇ ಬದಲಾಯಿಸುವಷ್ಟು ದೊಡ್ಡ ಮೊಳೆಯ ಗಾಯವಾದರೆ ಬಾಡಿಗೆದಾರನದು. 2020ರಿಂದ ಜಾರಿಗೆ ಬಂದ ಅವರ ಸಿವಿಲ್ ಕಾನೂನಿನ ತಿದ್ದುಪಡಿಯಲ್ಲಿ, ಸಾಮಾನ್ಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆದರು. ಒಂದು ಸರ್ಕಾರ ಕುಳಿತು ತೂತಿನ ಗಾತ್ರವನ್ನು ಚರ್ಚಿಸಿದ್ದು ನಮಗೆ ನಗೆಯಾಗಿ ಕಾಣಬಹುದು. ಆ ಚರ್ಚೆ ಮಾಡದೆ ನಾವು ಕಳೆದುಕೊಳ್ಳುತ್ತಿರುವ ಮೂವತ್ತೆರಡು ಸಾವಿರದಲ್ಲಿ ನಗೆಯ ಅಂಶ ಕಡಿಮೆ.

"ಸ್ವಂತ ಮನೆ ಮಾಡಿಕೊಳ್ಳಲಿ, ಆಮೇಲೆ ಬೇಕಾದ್ದು ಹೊಡೆದುಕೊಳ್ಳಲಿ" ಎನ್ನುವ ಹಿತೈಷಿಗಳು ಒಬ್ಬರು ಉಳಿದರು. ಈ ಊರಿನ ಬೆಲೆಯಲ್ಲಿ ಸ್ವಂತ ಮನೆಯಾಗುವ ಹೊತ್ತಿಗೆ ಆ ಹುಡುಗಿಗೆ ತಲೆಯಲ್ಲಿ ಎರಡು ಬಿಳಿಕೂದಲು ಬಂದಿರುತ್ತದೆ. ಅಲ್ಲಿಯವರೆಗಿನ ಹತ್ತು ಹದಿನೈದು ವರ್ಷ ಬದುಕಲ್ಲವೇ? ಮೊದಲ ಮಗು ತೊಟ್ಟಿಲಲ್ಲಿ ಮಲಗುವುದು ಬಾಡಿಗೆ ಮನೆಯಲ್ಲಿ. ಅದು ಗೋಡೆಯ ಕಡೆ ಮೊದಲು ಕಣ್ಣು ಬಿಟ್ಟು ನೋಡುವುದೂ ಅಲ್ಲೇ. ಸ್ವಂತ ಮನೆಯವರ ಗೋಡೆಯ ಭಾಗ್ಯವೋ, ಅದನ್ನೂ ಕಂಡಿದ್ದೇನೆ: ಬೀಗದ ಕೈ ಸಿಕ್ಕಿದ ದಿನವೇ ಕಂಟ್ರಾಕ್ಟರಿಗೆ ಒಪ್ಪಿಸಿ, ಒಂದು ರಾತ್ರಿಯೂ ಅಲ್ಲಿ ಮಲಗದೆ, ಪ್ಲೈವುಡ್ಡು ಮತ್ತು ಸುಳ್ಳು ಚಾವಣಿಯಿಂದ ಗೋಡೆಯೇ ಕಾಣದಂತೆ ಮುಚ್ಚಿಸಿರುತ್ತಾರೆ. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಕಾಫಿ ಕುಡಿಯಲು ಎಲ್ಲಿ ಕೂರುತ್ತೇವೆ ಎಂದು ತಿಳಿಯುವ ಮೊದಲೇ ಅಲಂಕಾರ ಮುಗಿದಿರುತ್ತದೆ. ಎದುರು ಮನೆಯವರು ಹಾಗಲ್ಲ. ಎಂಟು ತಿಂಗಳಲ್ಲಿ ಕುರ್ಚಿಯನ್ನು ಮೂರು ಕಡೆ ಇಟ್ಟು ನೋಡಿ, ಸಂಜೆಯ ಗಾಳಿ ಬರುವ ಕಿಟಕಿಗೆ ತಂದು ನಿಲ್ಲಿಸಿದ್ದಾರೆ. ಕೆಳಗೆ ನವಲಗುಂದದ ಜಮಖಾನ ಹಾಸಿದ್ದಾರೆ. ಅವರಿಗೆ ಅಭಿರುಚಿಯಿಲ್ಲ ಎಂದವರು ಆ ಜಮಖಾನದ ಮೇಲೆ ಕುಳಿತೇ ಕಾಫಿ ಕುಡಿದು ಬಂದವರು.

ಅಸೋಸಿಯೇಷನ್ನಿನ ಬಗ್ಗೆ ಒಂದೇ ಮಾತು. ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡು ಇಡಬೇಡಿ ಎಂದರೆ ಒಪ್ಪುತ್ತೇನೆ. ಬೆಂಕಿ ಬಿದ್ದಾಗ ಜನ ಓಡಬೇಕಾದ ದಾರಿ ಅದು. ಬಾಲ್ಕನಿಯಲ್ಲಿ ಸೀರೆ ಒಣಹಾಕಿದರೆ ಕಟ್ಟಡದ ಅಂದ ಕೆಡುತ್ತದೆ ಎನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಸಭೆಯಲ್ಲೂ ಹೇಳಿದ್ದೇನೆ.

ಕೊನೆಗೆ, ಕೇವಲ ಬಾಯಿಮಾತಿನ ಧರ್ಮ ಎಂದು ಯಾರೂ ಅನ್ನಬಾರದೆಂದು ನನ್ನ ಮೈಸೂರಿನ ಮನೆಯ ಕರಾರನ್ನೇ ಮುಂದಿಡುತ್ತೇನೆ. ಒಂಬತ್ತು ವರ್ಷಗಳಲ್ಲಿ ಮೂರು ಸಂಸಾರ ಬಂದಿವೆ. ಮೊದಲನೆಯವರು ಹದಿನಾಲ್ಕು ಮೊಳೆ ಹೊಡೆದರು, ಎರಡನೆಯವರು ಒಂಬತ್ತು; ಈಗಿರುವವರದನ್ನು ಎಣಿಸಿಲ್ಲ. ಒಂದೊಂದು ಸಲವೂ ಒಬ್ಬ ಪೇಂಟರಿನ ಒಂದು ದಿನದ ಕೂಲಿ, ಪುಟ್ಟಿ, ತುಸು ಬಣ್ಣ ಎಲ್ಲ ಸೇರಿ ಎರಡು ಸಾವಿರ ಮುಟ್ಟಲಿಲ್ಲ. ತೇಪೆಯ ಬಣ್ಣ ಬೇರೆಯಾಗಿ ಕಾಣುವುದೇ ನಿಜವಾದ ತೊಂದರೆ. ಅದಕ್ಕೆ ಡಬ್ಬದ ಮೇಲಿನ ಬಣ್ಣದ ನಂಬರನ್ನು ಕರಾರಿನಲ್ಲೇ ಬರೆದಿಟ್ಟಿದ್ದೇನೆ, ಮಿಕ್ಕ ಬಣ್ಣವನ್ನು ಅಟ್ಟದ ಮೇಲೆ ಮುಚ್ಚಿಟ್ಟಿದ್ದೇನೆ. ಷರತ್ತು ಹೀಗಿದೆ: "ಬಾಡಿಗೆದಾರರು ಪಟ, ಗಡಿಯಾರ, ದೇವರ ಮಂಟಪ, ತೋರಣ ಇತ್ಯಾದಿಗಳಿಗೆ ಬೇಕಾದ ಮೊಳೆಗಳನ್ನು ಡ್ರಿಲ್ಲಿನಿಂದ ಕೂರಿಸಿಕೊಳ್ಳಬಹುದು. ನೀರಿನ ಕೊಳವೆ, ವಿದ್ಯುತ್ ತಂತಿ ಹಾಯ್ದಿರುವ ಜಾಗಗಳನ್ನು ಮಾಲೀಕರು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ತೋರಿಸತಕ್ಕದ್ದು. ಬಿಡುವಾಗ ತೂತುಗಳನ್ನು ಬಾಡಿಗೆದಾರರು ಮುಚ್ಚಿಸತಕ್ಕದ್ದು. ಇಲ್ಲವೇ ರಸೀತಿಯಂತೆ ಖರ್ಚು ಕೊಡತಕ್ಕದ್ದು. ಬಣ್ಣದ ಬಾಬ್ತು ಬೇರೆ ಕಡಿತವಿಲ್ಲ."

ಎದುರು ಮನೆಯ ಕರಾರು ಬರುವ ತಿಂಗಳು ಮುಗಿಯುತ್ತದೆ. ಹೊಸ ಕರಾರಿಗೆ ಈ ಷರತ್ತನ್ನೇ ಸೇರಿಸಿಕೊಡಿ ಎಂದು ಹುಡುಗ ತನ್ನ ಮಾಲೀಕರಿಗೆ ಬರೆದು ಕಳಿಸಿದ್ದಾನೆ. ಕನ್ನಡದ ಕರಡು ನನ್ನದು, ಇಂಗ್ಲಿಷಿಗೆ ಇಳಿಸಿದ್ದು ಆ ಹುಡುಗಿ. ಮಾಲೀಕರು ಅಮೆರಿಕದಲ್ಲಿದ್ದಾರೆ. ಮೊಳೆಯ ವಿಷಯ ಯೋಚಿಸಿ ಹೇಳುತ್ತೇನೆ, ಬಾಡಿಗೆ ಮಾತ್ರ ನೂರಕ್ಕೆ ಐದು ಹೆಚ್ಚಾಗುತ್ತದೆ, ಎಂದು ಉತ್ತರ ಬಂದಿದೆ.